ಹಳೆಯ ಗಣಕಯಂತ್ರಗಳ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದ ದಾನಿಯು ಅಷ್ಟರಿಂದಲೇ ತನ್ನ ಕರ್ತವ್ಯ ತೀರಿತೆಂದು ಬಗೆಯದೆ, ಮುಂದೆ ಅದರಲ್ಲಿ ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕೆಂದು ಭೂಮಿಯನ್ನೋ ಸುಂಕದ ಉತ್ಪತ್ತಿಯನ್ನೋ ಬಿಟ್ಟುಕೊಡುತ್ತಿದ್ದನು. ಕೊಡುವುದು ಒಂದು ಕಾರ್ಯ. ಕೊಟ್ಟುದು ಕೆಲಸಕ್ಕೆ ಬರುವಂತೆ ನೋಡಿಕೊಳ್ಳುವುದು ಇನ್ನೊಂದು ಕಾರ್ಯ. ಎರಡನೆಯದಿಲ್ಲದೆ ಮೊದಲನೆಯದು ಪೂರ್ಣವಾಗದು ಎಂಬ ವ್ಯವಹಾರಜ್ಞಾನ ಆ ಮಾತಿನ ಹಿಂದೆ ಇದೆ. ಕಛೇರಿಗಳೂ ಬ್ಯಾಂಕುಗಳೂ ಕಾರ್ಖಾನೆಗಳೂ ಬಳಸಿ ತೆಗೆದುಹಾಕುವ ಗಣಕಯಂತ್ರಗಳನ್ನು ದುರಸ್ತಿಗೊಳಿಸಿ, ಹೊಸತನ್ನು ಕೊಳ್ಳಲಾರದವರಿಗೆ ತಲುಪಿಸುವ ಕಾರ್ಯವು ಕಳೆದ ಮೂರು ದಶಕಗಳಿಂದ ಹಲವು ದೇಶಗಳಲ್ಲಿ ನಡೆದುಬಂದಿದೆ. ಆ ಕಾರ್ಯದ ಸ್ವರೂಪವೇನು, ಅದರ ತೊಡಕುಗಳಾವುವು, ಯಾವ ಕ್ರಮದಿಂದ ನಡೆಸಿದರೆ ಅದು ಸಾರ್ಥಕವಾಗುವುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಹಳತು ಎಂದರೇನು?

ಗಣಕಯಂತ್ರದ ವಯಸ್ಸನ್ನು ಎಣಿಸುವವರು ಮೂವರು: ಲೆಕ್ಕಪುಸ್ತಕ, ತಂತ್ರಾಂಶ ಮತ್ತು ಯಂತ್ರ. ಈ ಮೂವರ ಎಣಿಕೆಯೂ ಒಂದಕ್ಕೊಂದು ಹೊಂದುವುದಿಲ್ಲ.

ಲೆಕ್ಕಪುಸ್ತಕದ ಎಣಿಕೆ ಅತ್ಯಂತ ಕಿರಿದು. 2013ರ ಕಂಪನಿ ಅಧಿನಿಯಮದ ಎರಡನೆಯ ಅನುಸೂಚಿಯು ಮೇಜಿನ ಗಣಕಯಂತ್ರಕ್ಕೂ ಲ್ಯಾಪ್‌ಟಾಪಿಗೂ ಮೂರು ವರ್ಷಗಳ ಉಪಯುಕ್ತ ಆಯುಸ್ಸನ್ನು ಗೊತ್ತುಪಡಿಸಿದೆ. ಬ್ಯಾಂಕುಗಳು ವರ್ಷಕ್ಕೆ ಶೇ. 33.33ರಂತೆ ಸಮಕಂತಿನ ಸವಕಳಿಯನ್ನು ತೆಗೆಯುವ ಪದ್ಧತಿಯ ಫಲವೂ ಅದೇ. ಉದಾಹರಣೆಗೆ, 45,000 ರೂಪಾಯಿ ಕೊಟ್ಟು ಕೊಂಡ ಯಂತ್ರದ ಮೌಲ್ಯದಲ್ಲಿ ವರ್ಷವರ್ಷವೂ 15,000 ರೂಪಾಯಿ ಕಳೆದು, ಮೂರನೆಯ ವರ್ಷದ ಕೊನೆಗೆ ಲೆಕ್ಕದಲ್ಲಿ ಏನೂ ಉಳಿಯದು. ಮೇಜಿನ ಮೇಲೆ ಮಾತ್ರ ಅದು ಮೊದಲ ದಿನದಂತೆಯೇ ಕೆಲಸ ಮಾಡುತ್ತಿರುತ್ತದೆ. ಸವಕಳಿಯೆಂಬುದು ವೆಚ್ಚವನ್ನು ವರ್ಷಗಳಿಗೆ ಹಂಚುವ ಒಂದು ಉಪಾಯವೇ ಹೊರತು ಯಂತ್ರದ ಆರೋಗ್ಯದ ವರದಿಯಲ್ಲ.

ತಂತ್ರಾಂಶದ ಎಣಿಕೆ ಎರಡನೆಯದು. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ಭದ್ರತಾಂಗವನ್ನೂ, ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 2017ರಲ್ಲಿ ಹೊರಬಂದ ಎಂಟನೆಯ ಪೀಳಿಗೆ ಅಥವಾ ಅದರ ಈಚಿನದನ್ನೂ ಅಪೇಕ್ಷಿಸುತ್ತದೆ. ಇದರಿಂದ, ಯಾವ ಭಾಗವೂ ಕೆಡದೆ ಓಡುತ್ತಿದ್ದ ಯಂತ್ರಗಳು ಒಂದು ಗೊತ್ತಾದ ದಿನದಂದು ಹಳತೆನಿಸಿಕೊಂಡುವು. ವಿಸ್ತರಿತ ಭದ್ರತಾ ಸೇವೆಯ ಏರ್ಪಾಡು ಇದ್ದರೂ ಅದು ಅಲ್ಪಕಾಲದ್ದು.

ಮೂರನೆಯದು ಯಂತ್ರದ ಸ್ವಂತ ಎಣಿಕೆ. ಗಣಕಯಂತ್ರದಲ್ಲಿ ಚಲಿಸುವ ಭಾಗಗಳು ಕೆಲವೇ: ಗಾಳಿ ಬೀಸುವ ಫ್ಯಾನು, ಹಳೆಯ ಬಗೆಯ ಹಾರ್ಡ್ ಡಿಸ್ಕು, ಕೀಲಿಮಣೆ, ಲ್ಯಾಪ್‌ಟಾಪಿನ ಕೀಲು. ಸವೆಯುವುವು ಮುಖ್ಯವಾಗಿ ಇವೇ. ಇವುಗಳ ಜೊತೆಗೆ ಬ್ಯಾಟರಿಯೂ, ವಿದ್ಯುತ್ ಸರಬರಾಜು ಪೆಟ್ಟಿಗೆಯೂ, ಮದರ್‌ಬೋರ್ಡಿನ ಮೇಲಣ ಕೆಪ್ಯಾಸಿಟರುಗಳೂ ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲನ್ನು ನುಂಗುವ ಪ್ರೊಸೆಸರು ಮಾತ್ರ ಕೆಡುವುದು ವಿರಳ. ಹೀಗಾಗಿ ಮೊದಲಿನ ಇಬ್ಬರು ಸತ್ತಿತೆಂದು ಸಾರಿದ ಯಂತ್ರವು ಮೂರನೆಯವನ ದೃಷ್ಟಿಯಲ್ಲಿ ಇನ್ನೂ ನಡುವಯಸ್ಸಿನಲ್ಲಿರುವುದು ಸಾಮಾನ್ಯ. ಜೀರ್ಣೋದ್ಧಾರದ ಕಾರ್ಯಕ್ಕೆ ಅವಕಾಶವಿರುವುದು ಈ ಮೂರು ಎಣಿಕೆಗಳ ನಡುವಣ ಅಂತರದಲ್ಲಿಯೇ.

ಅಗತ್ಯ ಯಾರಿಗೆ?

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು (2017-18) ಕಂಡುಕೊಂಡಂತೆ, ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಶೇ. 4.4ರಲ್ಲಿ, ನಗರದ ಕುಟುಂಬಗಳಲ್ಲಿ ಶೇ. 23.4ರಲ್ಲಿ ಮಾತ್ರ ಗಣಕಯಂತ್ರವಿದ್ದಿತು. ಅದಾದ ಎರಡು ವರ್ಷಗಳಲ್ಲಿಯೇ, ಎಂದರೆ 2020ರಲ್ಲಿ, ಸಾಂಕ್ರಾಮಿಕ ರೋಗದ ಕಾರಣದಿಂದ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಯ ಮೇಲಕ್ಕೆ ಬಂದಾಗ ಈ ಅಂಕಿಗಳ ಅರ್ಥ ಎಲ್ಲರಿಗೂ ಮನವರಿಕೆಯಾಯಿತು. ಕೈಫೋನಿನಲ್ಲಿ ಪಾಠ ಕೇಳಬಹುದು; ಆದರೆ ಪ್ರಬಂಧ ಬರೆಯುವುದು, ಲೆಕ್ಕದ ಹಾಳೆಯನ್ನು ಸಿದ್ಧಪಡಿಸುವುದು, ಪ್ರೋಗ್ರಾಂ ರಚಿಸುವುದು, ದೀರ್ಘವಾದ ಅರ್ಜಿಯನ್ನು ತುಂಬುವುದು ಅದರಲ್ಲಿ ದುಸ್ತರ. ಓದುವವನನ್ನು ಫೋನು ಕೇಳುಗನನ್ನಾಗಿ ಮಾಡೀತು, ಬರೆಯುವವನನ್ನಾಗಿ ಮಾಡುವುದು ಕಷ್ಟ.

ಇನ್ನೊಂದು ಕಡೆಯಿಂದಲೂ ಈ ವಿಷಯವನ್ನು ನೋಡಬೇಕು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಈ ಶತಮಾನದ ಆರಂಭದಲ್ಲಿ ನಡೆದ ಒಂದು ಅಧ್ಯಯನವು, 17 ಅಂಗುಲದ ಹಳೆಯ ಬಗೆಯ ಪರದೆಯೊಡಗೂಡಿದ ಒಂದು ಮೇಜಿನ ಗಣಕಯಂತ್ರದ ತಯಾರಿಕೆಗೆ ಕನಿಷ್ಠಪಕ್ಷ 240 ಕಿಲೋಗ್ರಾಂ ಇಂಧನ, 22 ಕಿಲೋಗ್ರಾಂ ರಾಸಾಯನಿಕಗಳು ಹಾಗೂ 1,500 ಕಿಲೋಗ್ರಾಂ ನೀರು ಬೇಕಾಗುವುದೆಂದು ಲೆಕ್ಕ ಹಾಕಿತು. ಇಂಧನದ ತೂಕವೊಂದೇ ಯಂತ್ರದ ತೂಕದ ಸುಮಾರು ಹತ್ತು ಪಾಲು. ಆದುದರಿಂದ ಯಂತ್ರವನ್ನು ಮುರಿದು ಲೋಹವನ್ನು ತೆಗೆಯುವುದಕ್ಕಿಂತ ಅದನ್ನು ಇನ್ನೂ ಕೆಲವು ವರ್ಷ ಯಂತ್ರವಾಗಿಯೇ ಉಳಿಸುವುದು ಹೆಚ್ಚಿನ ಉಳಿತಾಯ. ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನುಗಳು; ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣಗೊಂಡುದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ.

ದಾನಕ್ಕೆ ಅಡ್ಡಬರುವ ಭಯ

ಅಗತ್ಯವೂ ಇದೆ, ಯಂತ್ರಗಳೂ ಇವೆ. ಹೀಗಿದ್ದೂ ಸಂಸ್ಥೆಗಳು ಹಳೆಯ ಯಂತ್ರಗಳನ್ನು ಕೊಡಲು ಹಿಂಜರಿಯುವುದೇಕೆ? ಜಿಪುಣತನವೇ ಇದಕ್ಕೆ ಕಾರಣವೆನ್ನುವುದು ಸರಿಯಲ್ಲ. ಮುಖ್ಯ ಕಾರಣ, ಯಂತ್ರದೊಳಗೆ ಉಳಿದಿರುವ ದತ್ತಾಂಶದ ಭಯ.

ಗಣಕಯಂತ್ರದಲ್ಲಿ ಕಡತವೊಂದನ್ನು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಅದರ ವಿಳಾಸವೇ ಹೊರತು ಅದರ ಒಡಲಲ್ಲ. ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರನ್ನು ಹೊಡೆದುಹಾಕಿದರೆ ಅಧ್ಯಾಯವು ಪುಸ್ತಕದಲ್ಲಿಯೇ ಉಳಿಯುವಂತೆ ಇದು. ಅಮೆರಿಕದ ಸಂಶೋಧಕರಾದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಬಳಸಿದ ಹಾರ್ಡ್ ಡಿಸ್ಕುಗಳನ್ನು ಪೇಟೆಯಲ್ಲಿ ಕೊಂಡು ಪರೀಕ್ಷಿಸಿ, 2003ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕೊಂಡ 158 ಡಿಸ್ಕುಗಳಲ್ಲಿ ಕೆಲಸ ಮಾಡುತ್ತಿದ್ದುವು 129. ಅವುಗಳಲ್ಲಿ ಸಂಪೂರ್ಣವಾಗಿ ಒರೆಸಲ್ಪಟ್ಟಿದ್ದುವು 12 ಮಾತ್ರ. ಉಳಿದುವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಿಕ್ಕಿದುವು. ಒಂದು ಡಿಸ್ಕಂತೂ ಬ್ಯಾಂಕಿನ ಎ.ಟಿ.ಎಂ. ಯಂತ್ರದಲ್ಲಿ ಇದ್ದುದೆಂಬಂತೆ ತೋರಿತು. ಇದು ಕೇವಲ ಪ್ರಯೋಗಶಾಲೆಯ ಆತಂಕವಲ್ಲ. ಹಳೆಯ ಯಂತ್ರಗಳ ವಿಲೇವಾರಿಯನ್ನು ದತ್ತಾಂಶನಾಶದ ಅನುಭವವಿಲ್ಲದ ಸರಕುಸಾಗಣೆಯ ಸಂಸ್ಥೆಗೆ ವಹಿಸಿದುದಕ್ಕಾಗಿ ಮೋರ್ಗನ್ ಸ್ಟ್ಯಾನ್ಲಿಯ ಅಂಗಸಂಸ್ಥೆಯು 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ 3.5 ಕೋಟಿ ಡಾಲರು ದಂಡ ತೆರಬೇಕಾಯಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣ ಅಧಿನಿಯಮವೂ, ತಕ್ಕ ರಕ್ಷಣೋಪಾಯಗಳನ್ನು ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗಿನ ದಂಡವನ್ನು ವಿಧಿಸುವ ಅವಕಾಶವನ್ನು ಒಳಗೊಂಡಿದೆ.

ಗ್ರಾಹಕನ ಗುಟ್ಟನ್ನು ಕಾಯುವುದು ಸಂಸ್ಥೆಯ ಧರ್ಮ. ಅದನ್ನು ಬಲಿಗೊಟ್ಟು ದಾನ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಭಯದ ಪರಿಹಾರವಾಗಿ ಇಡೀ ಯಂತ್ರವನ್ನೇ ಜಜ್ಜಿಹಾಕುವುದು ಅತಿರೇಕ. ದತ್ತಾಂಶವಿರುವುದು ಬಹುಮಟ್ಟಿಗೆ ಡಿಸ್ಕಿನಲ್ಲಿ ಮಾತ್ರ. ಹಳೆಯ ಬಗೆಯ ಹಾರ್ಡ್ ಡಿಸ್ಕಾದರೆ ಮೊದಲಿನಿಂದ ಕಡೆಯವರೆಗೆ ಒಮ್ಮೆ ಹೊಸ ಅಂಕಿಗಳನ್ನು ತುಂಬಿ, ತುಂಬಿದುದನ್ನು ತಾಳೆನೋಡಿದರೆ ಸಾಮಾನ್ಯ ಸಂದರ್ಭಗಳಿಗೆ ಸಾಕೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ, 500 ಜಿ.ಬಿ. ಡಿಸ್ಕಿಗೆ ಇದು ಒಂದೆರಡು ಗಂಟೆಗಳ ಕೆಲಸ. ಈಚಿನ ಎಸ್.ಎಸ್.ಡಿ.ಗಳಲ್ಲಿ ಬಳಕೆದಾರನಿಗೆ ಕಾಣದ ಮೀಸಲು ಕೋಶಗಳಿರುವುದರಿಂದ ಮೇಲೆಮೇಲೆ ಬರೆಯುವುದು ಸಾಲದು. ತಯಾರಕರು ಅದರೊಳಗೇ ಇರಿಸಿರುವ ಅಳಿಸುವ ಆದೇಶವನ್ನು ನಡೆಸಬೇಕು, ಅಥವಾ ದತ್ತಾಂಶವು ಮೊದಲೇ ಗೂಢಲಿಪಿಯಲ್ಲಿದ್ದರೆ ಅದರ ಕೀಲಿಯನ್ನು ನಾಶಪಡಿಸಬೇಕು. ಅಷ್ಟಕ್ಕೂ ಸಮಾಧಾನವಾಗದ ಸಂಸ್ಥೆಯು ಡಿಸ್ಕನ್ನು ತೆಗೆದು ತಾನೇ ನಾಶಪಡಿಸಿ, ಉಳಿದ ಯಂತ್ರವನ್ನು ಕೊಡಬಹುದು. ಬೆಲೆಬಾಳುವ ಭಾಗಗಳೆಲ್ಲ ಆಗಲೂ ಉಳಿಯುತ್ತವೆ. ಯಂತ್ರದ ಕ್ರಮಸಂಖ್ಯೆ, ಡಿಸ್ಕಿನ ಕ್ರಮಸಂಖ್ಯೆ, ಒರೆಸಿದ ವಿಧಾನ, ದಿನಾಂಕ ಮತ್ತು ಒರೆಸಿದವರ ಸಹಿ, ಇವಿಷ್ಟುಳ್ಳ ಪ್ರಮಾಣಪತ್ರವೊಂದು ಕಡತದಲ್ಲಿದ್ದರೆ ಲೆಕ್ಕ ತಪಾಸಕರ ಪ್ರಶ್ನೆಗೆ ಉತ್ತರ ದೊರೆಯುವುದು.

ದುರಸ್ತಿಯ ಕ್ರಮ

ಬಂದ ಯಂತ್ರವನ್ನು ಮೊದಲು ವಿಂಗಡಿಸಬೇಕು: ನೇರವಾಗಿ ಉಪಯೋಗಕ್ಕೆ ಬರುವುವು, ಭಾಗ ಬದಲಿಸಿದರೆ ಬರುವುವು, ಭಾಗಗಳಿಗಾಗಿ ಮಾತ್ರ ಬಿಚ್ಚಬೇಕಾದುವು. ಸಂಸ್ಥೆಗಳಿಂದ ಬಂದ ಲ್ಯಾಪ್‌ಟಾಪುಗಳಲ್ಲಿ ಬಯಾಸ್ ಗುಪ್ತಪದವೋ ದೂರನಿಯಂತ್ರಣದ ಬೀಗವೋ ಉಳಿದಿರುವುದುಂಟು. ಕೊಡುವವರೇ ಅದನ್ನು ತೆರವುಮಾಡಿ ಕೊಡದಿದ್ದರೆ ಒಳ್ಳೆಯ ಯಂತ್ರವೂ ಬೀಗ ಹಾಕಿದ ಪೆಟ್ಟಿಗೆಯಾಗಿ ಉಳಿಯುತ್ತದೆ.

ಅನಂತರ ಯಂತ್ರವನ್ನು ತೆರೆದು ಧೂಳನ್ನು ಕಳೆಯುವುದು, ಪ್ರೊಸೆಸರಿನ ಮೇಲೆ ಒಣಗಿದ ಶಾಖವಾಹಕ ಲೇಪವನ್ನು ಒರೆಸಿ ಹೊಸದಾಗಿ ಹಚ್ಚುವುದು, ಕಾಲಮಾಪನಕ್ಕೆ ಶಕ್ತಿಕೊಡುವ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸುವುದು, ಉಬ್ಬಿದ ಕೆಪ್ಯಾಸಿಟರುಗಳಿವೆಯೇ ಎಂದು ನೋಡುವುದು. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಕಂಡರೆ ಅದನ್ನು ಚುಚ್ಚದೆ, ಒತ್ತದೆ ಒಡನೆ ಬೇರ್ಪಡಿಸಬೇಕು. ಅದು ಹೊತ್ತಿಕೊಳ್ಳುವ ಅಪಾಯವಿದೆ. ರ‍್ಯಾಮ್ ಪರೀಕ್ಷೆಯನ್ನು ರಾತ್ರಿಯೆಲ್ಲ ನಡೆಸಿದರೆ ಆಗಾಗ ಮಾತ್ರ ತೋರುವ ದೋಷಗಳೂ ಹೊರಬೀಳುತ್ತವೆ.

ಯಂತ್ರಕ್ಕೆ ಹೊಸ ಜೀವ ಬರುವುದು ಎರಡು ಬದಲಾವಣೆಗಳಿಂದ: ತಿರುಗುವ ಹಾರ್ಡ್ ಡಿಸ್ಕಿಗೆ ಬದಲಾಗಿ ಎಸ್.ಎಸ್.ಡಿ., ಮತ್ತು ರ‍್ಯಾಮನ್ನು 8 ಜಿ.ಬಿ.ಗೆ ಏರಿಸುವುದು. ಹತ್ತು ವರ್ಷದ ಯಂತ್ರವು ನಿಧಾನವೆನಿಸುವುದಕ್ಕೆ ಬಹುಸಂದರ್ಭಗಳಲ್ಲಿ ಕಾರಣ ಪ್ರೊಸೆಸರಲ್ಲ, ಡಿಸ್ಕು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬಾರದ ಯಂತ್ರಗಳಿಂದ ರ‍್ಯಾಮನ್ನು ತೆಗೆದು ಜೋಪಾನಮಾಡುವುದರ ಲಾಭ ಹೇಳಬೇಕಾಗಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಬಿಡಿಭಾಗಗಳೂ ದೊರೆಯುತ್ತವೆ, ಅವನ್ನು ಜೋಡಿಸಬಲ್ಲ ಕೈಗಳೂ ದೊರೆಯುತ್ತವೆ. ಪುಸ್ತಕ ಓದಿ ಬಾರದ ಈ ವಿದ್ಯೆಯನ್ನು ಕಡೆಗಣಿಸಿ ಯಾವ ಜೀರ್ಣೋದ್ಧಾರವೂ ನಡೆಯದು.

ತಂತ್ರಾಂಶ ಮತ್ತು ಭಾಷೆ

ವಿಂಡೋಸ್ 11ಕ್ಕೆ ಒಗ್ಗದ ಯಂತ್ರಗಳಿಗೆ ಲಿನಕ್ಸ್ ಬಳಗದ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಗಳೇ ಆಶ್ರಯ. ಲಿನಕ್ಸ್ ಮಿಂಟ್, ಲುಬುಂಟು ಮೊದಲಾದುವು ಹಳೆಯ ಯಂತ್ರಗಳಲ್ಲಿಯೂ ಸುಗಮವಾಗಿ ಓಡುತ್ತವೆ. ಅವುಗಳಿಗೆ ಪರವಾನಗಿಯ ವೆಚ್ಚವಿಲ್ಲ. ಭದ್ರತೆಯ ಪರಿಷ್ಕರಣಗಳೂ ಬರುತ್ತಿರುತ್ತವೆ. ಅಕ್ರಮವಾಗಿ ನಕಲುಮಾಡಿದ ತಂತ್ರಾಂಶವನ್ನು ತುಂಬಿ ಕೊಡುವುದು, ಪಡೆಯುವವನ ತಲೆಗೆ ಅವನರಿಯದ ಅಪರಾಧವನ್ನು ಕಟ್ಟಿದಂತೆ. ಸ್ವತಂತ್ರ ತಂತ್ರಾಂಶದಿಂದ ಶಾಲೆಗಳು ನಡೆಯಬಲ್ಲವೇ ಎಂಬ ಸಂದೇಹಕ್ಕೆ ಕೇರಳವೇ ಉತ್ತರ: ಅಲ್ಲಿನ ಸರ್ಕಾರಿ ಶಾಲೆಗಳ ಗಣಕಶಿಕ್ಷಣ ಬಹುಕಾಲದಿಂದ ಸ್ವತಂತ್ರ ತಂತ್ರಾಂಶದ ಮೇಲೆಯೇ ನಿಂತಿದೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಕೊಡುಗೆಯಾಗಿ ಬಂದ ಗಣಕಗಳಿಂದ ಕಟ್ಟಿದ ಅಂಬೇಡ್ಕರ್ ಸಮುದಾಯ ಗಣಕಕೇಂದ್ರವು ಇದೇ ದಾರಿಯ ಚಿಕ್ಕ ನಿದರ್ಶನ.

ಭಾಷೆಯ ಮಾತು ಇಲ್ಲಿ ಬಂದೇ ಬರುವುದು. ಕನ್ನಡದಲ್ಲಿ ಓದುವ ಮಗುವಿಗೆ ಕೊಡುವ ಯಂತ್ರದಲ್ಲಿ ಕನ್ನಡವನ್ನು ಬರೆಯಲು ಬಾರದಿದ್ದರೆ ಅದು ಅರ್ಧ ಯಂತ್ರ. ಲಿನಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದ ಜೊತೆಗೆ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವನ್ನೂ ಅಳವಡಿಸಬಹುದು. ಯೂನಿಕೋಡ್ ಶಿಷ್ಟತೆಯ ಅಕ್ಷರಮುಖಗಳೂ ಉಚಿತವಾಗಿ ದೊರೆಯುತ್ತವೆ. ಅರ್ಧಗಂಟೆಯ ಈ ಕೆಲಸವನ್ನು ಕೊಡುವ ಮೊದಲೇ ಮುಗಿಸಿ, ಒಂದು ಹಾಳೆ ಕನ್ನಡವನ್ನು ಬರೆದು, ಉಳಿಸಿ, ಮುದ್ರಿಸಿ ಪರೀಕ್ಷಿಸುವುದು ಯುಕ್ತ.

ಕೊಡುವ ಬಗೆ

ಕೆನಡಾ ದೇಶದಲ್ಲಿ 1993ರಲ್ಲಿ ಆರಂಭವಾದ ‘ಶಾಲೆಗಳಿಗಾಗಿ ಗಣಕಯಂತ್ರಗಳು’ ಎಂಬ ಯೋಜನೆ, ಸರ್ಕಾರಿ ಮತ್ತು ಖಾಸಗಿ ಕಛೇರಿಗಳ ಯಂತ್ರಗಳನ್ನು ದುರಸ್ತಿಮಾಡಿ ಶಾಲೆಗಳಿಗೆ ಹಂಚುವ ಕಾರ್ಯವನ್ನು ಕೈಗೊಂಡಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೊಲಂಬಿಯಾ ದೇಶವು 2000ದಲ್ಲಿ ತನ್ನದೊಂದು ಯೋಜನೆಯನ್ನು ಹೂಡಿತು. ಅದೇ ವರ್ಷ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಹುಟ್ಟಿದ ‘ಫ್ರೀ ಗೀಕ್’ ಎಂಬ ಸೇವಾಸಂಸ್ಥೆಯ ಪದ್ಧತಿ ಇವೆರಡಕ್ಕಿಂತ ಭಿನ್ನವಾದುದು. ಅಲ್ಲಿ 24 ಗಂಟೆಗಳ ಕಾಲ ಕೆಲಸ ಮಾಡಿದವನಿಗೆ ಒಂದು ಗಣಕಯಂತ್ರ ದೊರೆಯುವ ಏರ್ಪಾಡಿದ್ದಿತು. ಇನ್ನೊಂದು ಏರ್ಪಾಡಿನಲ್ಲಿ, ಕಲಿಯುವವನು ಐದು ಯಂತ್ರಗಳನ್ನು ಜೋಡಿಸಿಕೊಟ್ಟು ಆರನೆಯದನ್ನು ತನ್ನದಾಗಿ ಮನೆಗೆ ಒಯ್ಯುತ್ತಿದ್ದನು. ಇದರಿಂದ ಆದ ಲಾಭ ಎರಡು. ಪಡೆದವನು ಯಾಚಕನಾಗದೆ ದುಡಿದು ಗಳಿಸಿದವನಾದನು. ಮತ್ತು ಯಂತ್ರ ಕೆಟ್ಟಾಗ ಅದನ್ನು ತೆರೆಯಲು ಹೆದರದವನಾದನು. ಜೀರ್ಣೋದ್ಧಾರದ ವಿದ್ಯೆಯೇ ದಾನದ ಭಾಗವಾದುದು ಇಲ್ಲಿನ ವಿಶೇಷ.

ಇದಕ್ಕೆ ವಿರುದ್ಧವಾದ ದೃಶ್ಯವೂ ಉಂಟು. ಶ್ರೀಮಂತ ದೇಶಗಳಿಂದ ‘ಬಳಸಿದ ಸರಕು’ ಎಂಬ ಹೆಸರಿನಲ್ಲಿ ಹೊರಟ ಯಂತ್ರಗಳಲ್ಲಿ ಕೆಲಸಕ್ಕೆ ಬಾರದುವೂ ಸೇರಿ, ಆಫ್ರಿಕದ ಬಂದರುಗಳನ್ನು ಮುಟ್ಟಿದುವು. ಘಾನಾದ ರಾಜಧಾನಿ ಆಕ್ರಾದ ಅಗ್ಬೊಗ್ಬ್ಲೋಶಿಯಲ್ಲಿ, 2021ರ ಜುಲೈಯಲ್ಲಿ ಅಧಿಕಾರಿಗಳು ತೆರವುಗೊಳಿಸುವವರೆಗೆ, ತಾಮ್ರಕ್ಕಾಗಿ ತಂತಿಗಳನ್ನು ಸುಡುವ ಹೊಗೆ ಲೋಕಪ್ರಸಿದ್ಧವಾಗಿದ್ದಿತು. ದಿಲ್ಲಿಯ ಸೀಲಂಪುರದ ಗುಜರಿ ಅಂಗಳಗಳಲ್ಲಿ ಯಂತ್ರಗಳನ್ನು ಬರಿಗೈಯಿಂದ ಒಡೆಯುವವರ ಪಾಡನ್ನು ರಾಜಧಾನಿಯ ವಾಚಕರು ಬಲ್ಲರು. ಕೆಟ್ಟ ಯಂತ್ರವನ್ನು ಬಡವನಿಗೆ ಕೊಟ್ಟವನು ದಾನ ಮಾಡಿದವನಲ್ಲ. ತನ್ನ ಮನೆಯ ಕಸದ ವಿಲೇವಾರಿಯ ವೆಚ್ಚವನ್ನು ಅವನ ತಲೆಗೆ ಹೊರಿಸಿದವನು. ಕೊಟ್ಟ ಯಂತ್ರದ ಅಂತ್ಯಕ್ಕೂ ಏರ್ಪಾಡಿರಬೇಕು. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಕಾರ್ಯಾರಂಭಿಸಿದ ಇ-ಪರಿಸರದಂಥ ಅಧಿಕೃತ ಸಂಸ್ಕರಣಶಾಲೆಗಳು ಇರುವುದು ಇದಕ್ಕಾಗಿಯೇ.

ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಹೊರಟು 2012ರ ಮೇ 1ರಿಂದ ಜಾರಿಗೆ ಬಂದುವು. 2022ರಲ್ಲಿ ರಚಿತವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು, ದುರಸ್ತಿಗಾರನನ್ನು ತಯಾರಕ, ಉತ್ಪಾದಕ ಮತ್ತು ಮರುಸಂಸ್ಕಾರಕರ ಜೊತೆಗೆ ನೋಂದಣಿ ಪಡೆಯಬೇಕಾದ ಪ್ರತ್ಯೇಕ ವರ್ಗವೆಂದು ಎಣಿಸುತ್ತವೆ. ದುರಸ್ತಿಯಿಂದ ಯಂತ್ರದ ಆಯುಸ್ಸು ಬೆಳೆದರೆ, ಅದರ ಸಂಸ್ಕರಣದ ಹೊಣೆಯನ್ನು ಉತ್ಪಾದಕನು ಮುಂದೂಡಿಕೊಳ್ಳಲೂ ಅವು ಅವಕಾಶವೀಯುತ್ತವೆ. ಲ್ಯಾಮಿಂಗ್ಟನ್ ರಸ್ತೆಯ ಕಿರಿಯ ಅಂಗಡಿಯವನ ಕಸುಬಿಗೆ ಶಾಸನದಲ್ಲಿ ಒಂದು ಹೆಸರು ಬಂದಂತಾಯಿತು. ಆದರೆ ನೋಂದಣಿಯ ಕಾಗದಪತ್ರಗಳು ಅವನಿಗೆ ನಿಲುಕುವಂತಾದಾಗಲೇ ಆ ಹೆಸರಿಗೆ ಬೆಲೆ.

ಹೊರನಾಡಿನ ಕನ್ನಡ ಸಂಘಗಳ ಸದಸ್ಯರಲ್ಲಿ ಬ್ಯಾಂಕು, ವಿಮೆ, ಸರ್ಕಾರಿ ಕಛೇರಿಗಳಲ್ಲಿ ವಿಲೇವಾರಿಯ ಕಡತಕ್ಕೆ ಸಹಿಹಾಕುವವರೂ ಇದ್ದಾರೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆಬಂದವರ ಮಕ್ಕಳೂ ಇದ್ದಾರೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಚರಿತ್ರೆಯನ್ನು ಬಲ್ಲವರಿಗೆ, ಕಲಿಯುವ ಉಪಕರಣವೊಂದು ಸಕಾಲದಲ್ಲಿ ಕೈಗೆ ಬರುವುದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಂಥ ಸಂಘವೊಂದು ಈ ಕಾರ್ಯಕ್ಕೆ ತೊಡಗುವುದಾದರೆ ನೂರು ಯಂತ್ರಗಳ ಸಮಾರಂಭದಿಂದ ಆರಂಭಿಸಬೇಕಾಗಿಲ್ಲ. ಹತ್ತು ಯಂತ್ರಗಳು, ಅವನ್ನು ಒರೆಸಿದ ಪ್ರಮಾಣಪತ್ರಗಳು, ಭಾನುವಾರ ಬಂದು ಕಲಿಸುವ ಒಬ್ಬ ದುರಸ್ತಿಗಾರ, ಅವನಿಗೆ ಸಲ್ಲಬೇಕಾದ ಸಂಬಳ, ಬಿಡಿಭಾಗಗಳಿಗೆಂದು ಮೀಸಲಿಟ್ಟ ಅಲ್ಪ ನಿಧಿ, ಇಷ್ಟಿದ್ದರೆ ಸಾಕು. ವರದಿಯಲ್ಲಿ ಬರೆಯಬೇಕಾದ ಸಂಖ್ಯೆ ಎಷ್ಟು ಯಂತ್ರಗಳನ್ನು ಕೊಡಲಾಯಿತು ಎಂಬುದಲ್ಲ. ಕೊಟ್ಟು ಒಂದು ವರ್ಷವಾದ ಮೇಲೆ ಎಷ್ಟು ಯಂತ್ರಗಳು ಓಡುತ್ತಿವೆ ಎಂಬುದು.